ಸಹಾಯ ಬೇಕು: ಒಡೆದ ಕೊಬ್ಬು ಮತ್ತೆ ಕೂಡಿಕೊಳ್ಳುವುದು ಯಾಕೆ?

ಮಗಳಿಗೆ ಪಿಯುಸಿ ಜೀವಶಾಸ್ತ್ರ ಹೇಳಿಕೊಡಲು ಹೋಗಿ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಗ್ಲಿಸರಾಲ್‌ಗೆ 3 ಕೊಬ್ಬಿನಾಮ್ಲ ಅಂಟಿದರೆ ಟ್ರೈಗ್ಲಿಸರೈಡ್, ಅಂದರೆ ಊಟದ ಎಣ್ಣೆ-ತುಪ್ಪದಲ್ಲಿರುವ ಕೊಬ್ಬು, ಸರಿ. ಪಿತ್ತರಸದ ಕೆಲಸ ತೋರಿಸಲು ಲೋಟದ ನೀರಿಗೆ ಕಡಲೆಕಾಯಿ ಎಣ್ಣೆ ಹಾಕಿ, ಪಾತ್ರೆ ತೊಳೆಯುವ ಸೋಪು ಬಿಟ್ಟು ಕಲಕಿದೆವು. ಎಣ್ಣೆ ಪುಟ್ಟ ಪುಟ್ಟ ಹನಿಯಾಗಿ ನೀರೆಲ್ಲ ಹಾಲಿನ ಹಾಗೆ ಬೆಳ್ಳಗಾಯಿತು. ಅವಳಿಗೆ ಖುಷಿಯೋ ಖುಷಿ.

ಆಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವ 2 ಆಮ್ಲ ಕತ್ತರಿಸಿ ಮಾನೋಗ್ಲಿಸರೈಡ್ (ಒಂದೇ ಆಮ್ಲ ಅಂಟಿರುವ ಗ್ಲಿಸರಾಲ್) ಉಳಿಸುತ್ತದೆ. ಇದೂ ಸರಿ. ಆದರೆ ಕರುಳಿನ ಜೀವಕೋಶದೊಳಗೆ ಹೋದ ಮೇಲೆ ಅವೇ ಮತ್ತೆ ಸೇರಿ ಟ್ರೈಗ್ಲಿಸರೈಡ್ ಆಗುತ್ತವಂತೆ! "ಅಮ್ಮಾ, ಹಾಗಾದ್ರೆ ಸುಮ್ನೆ ಒಡೆದಿದ್ದಾ?" ಅಂದಳು. ಪುಸ್ತಕ ಓದಿದೆ, ವಿಡಿಯೊ ನೋಡಿದೆ, ಯಾರೂ ಕಾರಣ ಹೇಳುವುದಿಲ್ಲ.

ಮತ್ತೆ ಕಟ್ಟುವುದಾದರೆ ಮೊದಲು ಒಡೆಯುವುದೇಕೆ? ಆ ಕೊಬ್ಬು ಕೈಲೋಮೈಕ್ರಾನ್ (ಪ್ರೋಟೀನ್ ಹೊದಿಕೆಯ ಕೊಬ್ಬಿನ ಕಣ) ಆಗಿ ನೇರ ರಕ್ತಕ್ಕೆ ಹೋಗದೆ ದುಗ್ಧನಾಳಕ್ಕೆ (ಲಿಂಫ್ ನಾಳ) ಹೋಗುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?