ಸೈಟೇಶನ್ ಎಷ್ಟಿದ್ರೆ ಸಾಕು ಮೇಡಂ? ಹಾಸನ ಸಂಶೋಧಕರ ಗುಂಪಿನ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಸಂಜೆ 6ರಿಂದ ಮೇಡಂ ಇರ್ತಾರೆ. ಕೋಶ ಜೀವಶಾಸ್ತ್ರದ ಲ್ಯಾಬ್ ನಡೆಸಿ ನಿವೃತ್ತರಾದವರು. ಪೇಪರ್, ಜರ್ನಲ್, ಸೈಟೇಶನ್ (ನಿಮ್ಮ ಪೇಪರನ್ನ ಬೇರೆ ಪೇಪರಲ್ಲಿ ಉಲ್ಲೇಖಿಸೋದು) ಬಗ್ಗೆ ಮಾತ್ರ ಕೇಳಿ. ಹೂವಿನ ಚಿತ್ರ ಬೇಡ.

ಅರಸೀಕೆರೆ: ನಮಸ್ಕಾರ ಮೇಡಂ. ನನ್ನ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 4, ಸ್ಕೋಪಸ್‌ನಲ್ಲಿ 2. ಯಾವುದು ಸರಿ?

ಮೇಡಂ: ಎರಡೂ. ನಾಲ್ಕು ಪೇಪರಿಗೆ ತಲಾ ನಾಲ್ಕಾದರೂ ಸೈಟೇಶನ್ ಬಂದಿದ್ರೆ ಎಚ್ 4. ಸ್ಕಾಲರ್ ಥೀಸಿಸ್ಸು, ಪ್ರಿಪ್ರಿಂಟು (ಜರ್ನಲ್ ಒಪ್ಪೋ ಮುಂಚಿನ ಪ್ರತಿ) ಎಲ್ಲಾ ಎಣಿಸುತ್ತೆ. ಸ್ಕೋಪಸ್ ಅನ್ನೋ ಡೇಟಾಬೇಸು ತಾನು ಆರಿಸಿದ ಪಟ್ಟಿಯಲ್ಲಿರೋದನ್ನ ಮಾತ್ರ. ಅರ್ಜಿಯಲ್ಲಿ ಯಾವ ಕಡೆಯ ಲೆಕ್ಕ ಅಂತ ಬರೀರಿ.

ಸಕಲೇಶಪುರ: ಎಚ್ ಎಷ್ಟಿದ್ರೆ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ ಸಿಗುತ್ತೆ ಮೇಡಂ?

ಹೊಳೆನರಸೀಪುರ: ಫಾರ್ವರ್ಡ್ ಬಂದಿದೆ: ‘3 ದಿನದಲ್ಲಿ ಸ್ಕೋಪಸ್ ಪಬ್ಲಿಕೇಶನ್ ಗ್ಯಾರಂಟಿ, ₹8,000, ಜೊತೆಗೆ 50 ಸೈಟೇಶನ್ ಫ್ರೀ.’ ಹಾಕಬಹುದಾ?

ಮೇಡಂ: ಮೂರು ದಿನದಲ್ಲಿ ದೋಸೆ ಹಿಟ್ಟು ಹಳಸುತ್ತೆ ಕಣ್ರೀ, ಪೀರ್ ರಿವ್ಯೂ, ಅಂದ್ರೆ ಬೇರೆ ತಜ್ಞರ ಪರಿಶೀಲನೆ, ಆಗಲ್ಲ. ನಾಳೆ ಆ 50 ಎಲ್ಲಿಂದ ಬಂತು ಅಂತ ಯಾರಾದ್ರೂ ಕೆದಕಿದ್ರೆ ಸಿಗೋದು ನಿಮ್ಮ ಹೆಸರು, ದುಡ್ಡು ತಗೊಂಡವನದ್ದಲ್ಲ.

ಹಾಸನ, ಪಿಎಚ್‌ಡಿ 4ನೇ ವರ್ಷ: ಮೇಡಂ, ಹೆಸರು ಹೇಳಲ್ಲ. ನನ್ನ ಮೊದಲ ಪೇಪರಿಗೆ 14 ಸೈಟೇಶನ್ ಆಗಿದೆ, ಎಲ್ಲರೂ ಶಭಾಶ್ ಅಂತಾರೆ. ಥೀಸಿಸ್‌ಗೆ ಚಿತ್ರ ಜೋಡಿಸುವಾಗ ಕಂಡಿದ್ದು: ಅದರ ವೆಸ್ಟರ್ನ್ ಬ್ಲಾಟ್‌ನ (ಪ್ರೋಟೀನನ್ನ ಪಟ್ಟಿಗಳಾಗಿ ತೋರಿಸೋ ಚಿತ್ರ, ಒಂದು ಸ್ಯಾಂಪಲ್ಲಿಗೆ ಒಂದು ಲೇನ್) ಆಕ್ಟಿನ್ ಸಾಲು ಸೀನಿಯರ್ ಒಬ್ಬರ ಹಳೇ ಪೇಪರಲ್ಲೂ ಇದೆ, ಎಡ ಬಲ ತಿರುಗಿಸಿದ ಹಾಗೆ. ಒಂದರಲ್ಲಿ ಎಡದಿಂದ ಎರಡನೇ ಲೇನ್ ಮೇಲೆ ಎಳ್ಳುಕಾಳಿನಂಥ ಚುಕ್ಕೆ, ಇನ್ನೊಂದರಲ್ಲಿ ಬಲದಿಂದ ಎರಡನೇದರ ಮೇಲೆ. ಚಿತ್ರ ಸೇರಿಸಿದ್ದು ಗೈಡ್.

ಮೇಡಂ: ನೋಡಮ್ಮ, ಇದು ಸಣ್ಣ ವಿಷಯ ಅಲ್ಲ. ಆಕ್ಟಿನ್ ಎಲ್ಲಾ ಕೋಶದಲ್ಲೂ ಇರೋ ಪ್ರೋಟೀನು, ಎಲ್ಲಾ ಲೇನಿಗೂ ಪ್ರೋಟೀನ್ ಸಮ ಹಾಕಿದ್ದೀವಿ ಅನ್ನೋದಕ್ಕೆ ಅದರ ಸಾಲೇ ಸಾಕ್ಷಿ. ಸಾಕ್ಷಿ ಬೇರೆ ಕೇಸಿಂದು ಆದ್ರೆ ಅದರ ಮೇಲಿನ, ನೀನು ಅಳೆದ ಪ್ರೋಟೀನಿನ ಸಾಲಿಗೆ ಬೆಲೆಯಿಲ್ಲ. ಹಾಗಂತ ಈಗಲೇ ಯಾರನ್ನೂ ಕಳ್ಳ ಅನ್ನಬೇಡ. ಆಕ್ಟಿನ್ ಬ್ಯಾಂಡುಗಳೆಲ್ಲ ಅವಳಿ ಜವಳಿ ಥರ ಇರ್ತವೆ, ತಪ್ಪು ಫೈಲ್ ಎತ್ತೋದು ಸುಲಭ. ಫಿಲ್ಮನ್ನ ಮಗುಚಿ ಸ್ಕ್ಯಾನ್ ಮಾಡಿದ್ರೂ ಎಡ ಬಲ ಅದಲುಬದಲಾಗುತ್ತೆ. ನನ್ನ ಲ್ಯಾಬಲ್ಲೇ ಆಗಿತ್ತು. ಕತ್ತರಿಸದ ಮೂಲ ಬ್ಲಾಟ್ ಮತ್ತು ನಿನ್ನ ನೋಟ್‌ಬುಕ್ಕಿನ ತಾರೀಖು ಹುಡುಕು. ಆಮೇಲೆ ಗೈಡ್ ಹತ್ರ ‘ಸರ್, ಫೈಲ್ ಬದಲಾಗಿರೋ ಹಾಗಿದೆ’ ಅಂತ ಮಾತ್ರ ಹೇಳು, ಮಾತಾಡಿದ್ದನ್ನ ಅದೇ ದಿನ ಮೇಲ್ ಹಾಕು. ನಿಜವಾದ ಆಕ್ಟಿನ್ ಸಿಕ್ಕಿದ್ರೆ ಜರ್ನಲ್‌ಗೆ ತಿದ್ದುಪಡಿ ಕಳಿಸಬಹುದು. ಸಿಗದಿದ್ರೆ ಪೇಪರ್ ವಾಪಸ್ ತಗೊಳ್ಳೋ ಮಾತು ಬರುತ್ತೆ. ಥೀಸಿಸ್‌ಗೆ ಆ ಚಿತ್ರ ಬೇಡ. ಸ್ಯಾಂಪಲ್ ಫ್ರೀಜರ್‌ನಲ್ಲಿದ್ರೆ ಮತ್ತೆ ಓಡಿಸು. ಸಂಶೋಧಕಿ ಎಲಿಜಬೆತ್ ಬಿಕ್ ಮತ್ತು ಸಂಗಡಿಗರು 2016ರಲ್ಲಿ 20,621 ಪೇಪರ್ ಜಾಲಾಡಿ ಶೇ 3.8ರಲ್ಲಿ ಇಂಥ ಅನುಮಾನದ ಚಿತ್ರ ತೋರಿಸಿದ್ರು. ನಿನಗೆ ಕಂಡಿದ್ದು ಇನ್ನೊಬ್ಬರಿಗೂ ಕಾಣುತ್ತೆ.

ಬೇಲೂರು: ಸುಮ್ಮನಿರು ತಂಗಿ. ಗೈಡ್ ಎದುರು ಹಾಕ್ಕೊಂಡ್ರೆ ವೈವಾ ಆಗಲ್ಲ.

ಮೇಡಂ: ನಿಮ್ಮ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ?

ಬೇಲೂರು: ಅದು ಪರ್ಸನಲ್ ಮೇಡಂ.

ಕಡೂರು: ಜರ್ನಲ್ಲು ಯುಜಿಸಿ ಒಪ್ಪಿದ ಕೇರ್ ಲಿಸ್ಟಲ್ಲಿದ್ರೆ ಸಾಕಲ್ವಾ?

ಅರಸೀಕೆರೆ: ಆ ಲಿಸ್ಟು 2025ರ ಫೆಬ್ರವರಿಯಲ್ಲೇ ನಿಂತೋಯ್ತು ಗುರು.

ಮೂಡಿಗೆರೆ: ಕೋಶದವರಿಗೆ ನೂರಾರು ಸೈಟೇಶನ್, ಕಾಫಿ ಕಾಂಡಕೊರಕ ಹುಳದ ಮೇಲೆ ಬರೆದ ನಮಗೆ ಒಂಬತ್ತು! ಎಸ್.795 ಕಾಫಿ ತಳಿ ನೆಟ್ಟ ಬೆಳೆಗಾರರು ಅದನ್ನ ಕೊಟ್ಟ ಬಾಳೆಹೊನ್ನೂರು ಕಾಫಿ ಸಂಶೋಧನಾ ಕೇಂದ್ರಕ್ಕೆ ಸೈಟೇಶನ್ ಕೊಟ್ಟಿದ್ದಾರಾ?

ಬೇಲೂರು: ಕೆಲಸ ಚೆನ್ನಾಗಿದ್ರೆ ಓದ್ತಾರೆ.

ಮೂಡಿಗೆರೆ: ತೋಟಕ್ಕೆ ಬಂದು ಹೇಳಿ ಸ್ವಾಮಿ ಈ ಮಾತು. ಕೂತಲ್ಲೇ ಬುದ್ಧಿ ಹೇಳೋರು ಬಹಳ ಜನ.

ಬೇಲೂರು: ಮರ್ಯಾದೆ ಕೊಟ್ಟು ಮಾತಾಡಿ.

ಮೇಡಂ: ಮೂಡಿಗೆರೆಯವರು ಹೇಳಿದ್ದು ಸರಿ. ಓದೋರು ಸಾವಿರ ಜನ ಇರೋ ಕಡೆಗೂ ನಲವತ್ತು ಜನ ಇರೋ ಕಡೆಗೂ ಒಂದೇ ಸೇರಲ್ಲಿ ಅಳೆಯೋಕಾಗಲ್ಲ. ಮೂರು ಲಕ್ಷ ಸೈಟೇಶನ್ ದಾಟಿದ, ಲೌರಿ ಅನ್ನೋ ವಿಜ್ಞಾನಿಯ 1951ರ ಪೇಪರ್ ಇರೋದು ಪ್ರೋಟೀನ್ ಅಳೆಯೋ ವಿಧಾನದ ಮೇಲೆ. ಎಲ್ಲರ ಅಡುಗೆಮನೆಗೂ ಬೇಕಾದ ಸೌಟು ಅದು. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರಿಗೆ ಬರೋ ಸರಾಸರಿ ಸೈಟೇಶನ್) ನೋಡಿ ಮನುಷ್ಯನ್ನ ಅಳೀಬೇಡಿ ಅನ್ನೋ ಡೋರಾ ಘೋಷಣೆ ಹುಟ್ಟಿದ್ದೂ 2012ರಲ್ಲಿ, ಅಮೆರಿಕದ ಕೋಶ ಜೀವಶಾಸ್ತ್ರಜ್ಞರ ಸಭೆಯಲ್ಲೇ.

ಕಡೂರು: ಫಾರ್ವರ್ಡ್: ‘3 ದಿನದಲ್ಲಿ ಸ್ಕೋಪಸ್ ಪಬ್ಲಿಕೇಶನ್…’ ಇದು ಹೇಗೆ ಮೇಡಂ?

ಮೇಡಂ: ಮೇಲೆ ಓದಿ.

ಚನ್ನರಾಯಪಟ್ಟಣ: ಎಚ್-ಇಂಡೆಕ್ಸ್ ಅಂದ್ರೇನು?

ಮೇಡಂ: ಮೇಲೆ.

ಹಾಸನ, ಪಿಎಚ್‌ಡಿ 4ನೇ ವರ್ಷ: ಮೇಡಂ, ಲ್ಯಾಬಿನ ಡ್ರೈವ್‌ನಲ್ಲಿ ಮೂಲ ಬ್ಲಾಟ್ ಸಿಕ್ತು. ಚುಕ್ಕೆನೂ ಇದೆ. ತಾರೀಖು ನಾನು ಲ್ಯಾಬಿಗೆ ಸೇರೋಕೆ ಎಂಟು ತಿಂಗಳು ಮುಂಚಿನದು.

ಮೇಡಂ: ಇಲ್ಲಿ ಬರೀಬೇಡ. ಫೋನ್ ಮಾಡು, ಈಗಲೇ.

ಸಕಲೇಶಪುರ: ಮೇಡಂ, ನನ್ನ ಪ್ರಶ್ನೆ ಹಾಗೇ ಉಳೀತು.