ಪದಚರ್ಚೆ: ‘ಸೆಕ್ಯೂರಿಟಿ ಕೆಲಸ’ಕ್ಕೆ ಕನ್ನಡದಲ್ಲಿ ಏನು ಬರೆಯಲಿ? ಶುಕ್ರವಾರ ಬ್ಯಾನರ್ ಪ್ರಿಂಟಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಮಾಹಿತಿ ಭದ್ರತೆಯ ಕೆಲಸದಲ್ಲಿದ್ದೇನೆ. ಮುಂದಿನ ವಾರ ರಾಣೆಬೆನ್ನೂರಿನಲ್ಲಿ, ನಾನು ಓದಿದ ಕಾಲೇಜಿನಲ್ಲೇ, ಬಿಸಿಎ ಮಕ್ಕಳಿಗೆ ಈ ಕೆಲಸದ ಬಗ್ಗೆ ಒಂದು ದಿನದ ತರಬೇತಿ ಇದೆ. ಅಪ್ಪ ಅಮ್ಮಂದಿರನ್ನೂ ಕರೆದಿದ್ದಾರೆ. ಬ್ಯಾನರ್ ಮತ್ತು ಒಂದು ಪುಟದ ಕರಪತ್ರ ನಾನು ಬರೆಯಬೇಕು.

ಮೊದಲ ಕರಡಿನಲ್ಲಿ ‘ಸೈಬರ್ ಸೆಕ್ಯೂರಿಟಿಯಲ್ಲಿ ಕೆಲಸದ ಅವಕಾಶ’ ಅಂತ ಬರೆದಿದ್ದೆ. ಅದನ್ನು ಕಾಲೇಜಿನ ಬೋರ್ಡಿಗೆ ಅಂಟಿಸಿದ್ದರು. ಒಬ್ಬ ಹುಡುಗಿಯ ತಾಯಿ ಅದನ್ನು ನೋಡಿ ಆಫೀಸಿನಲ್ಲಿ ಕೇಳಿದರಂತೆ: “ಮೂರು ವರ್ಷ ಓದ್ಸಿದ್ದು ಎಟಿಎಂ ಮುಂದ ಕುಂದ್ರಸಾಕ ಏನ್ರಿ?” ಆ ತಾಯಿಯದೇನೂ ತಪ್ಪಿಲ್ಲ. ನಮ್ಮೂರಲ್ಲಿ ‘ಸೆಕ್ಯೂರಿಟಿ’ ಅಂದರೆ ಗೇಟಿನ ಹತ್ತಿರ ನಿಲ್ಲುವವರೇ. ‘ಭದ್ರತಾ ಸಿಬ್ಬಂದಿ’ ಅಂದರೂ ಅವರೇ ಕಣ್ಣಿಗೆ ಬರುತ್ತಾರೆ.

ಬ್ಯಾನರಿಗೆ ಒಂದು ಒಳ್ಳೆಯ ಪದ ಬೇಕು. ಕರಪತ್ರಕ್ಕೆ ಇನ್ನೂ ನಾಲ್ಕು ಬೇಕು: ವಲ್ನರಬಿಲಿಟಿ, ಎಕ್ಸ್‌ಪ್ಲಾಯ್ಟ್, ಪೆನೆಟ್ರೇಶನ್ ಟೆಸ್ಟರ್ (ಒಡೆಯರ ಒಪ್ಪಿಗೆಯಿಂದಲೇ ಒಳಗೆ ನುಗ್ಗಿ ಪರೀಕ್ಷಿಸುವವರು), ಲಾಗ್ (ಕಂಪ್ಯೂಟರ್ ಬರೆದಿಡುವ ಲೆಕ್ಕ). ಮೊದಲ ಎರಡಕ್ಕೆ ದಯವಿಟ್ಟು ಒಂದೇ ಪದ ಕೊಡಬೇಡಿ. ಲಾಗ್‌ಫೋರ್‌ಜೆ ಅನ್ನುವ ತಂತ್ರಾಂಶದಲ್ಲಿ ಒಂದು ದೋಷ 2013ರಿಂದಲೂ ಇತ್ತು. ಅದು ವಲ್ನರಬಿಲಿಟಿ. 2021ರ ಡಿಸೆಂಬರ್‌ನಲ್ಲಿ ಆ ದೋಷದ ಮೂಲಕ ಒಳಗೆ ಬರುವ ಕೋಡ್ ಬಯಲಾಯಿತು. ಅದು ಎಕ್ಸ್‌ಪ್ಲಾಯ್ಟ್. ಎಂಟು ವರ್ಷ ಒಂದು ಇತ್ತು, ಇನ್ನೊಂದು ಬಯಲಿಗೆ ಬಂದಿರಲಿಲ್ಲ. ಈ ಅಂತರ ಗೊತ್ತಾಗದಿದ್ದರೆ ಮಕ್ಕಳಿಗೆ ಈ ಕೆಲಸವೇ ಅರ್ಥವಾಗಲ್ಲ.

ಶುಕ್ರವಾರ ಸಂಜೆಯೊಳಗೆ ಬೇಕು.

— ಕೇಳಿದವಳು, ರಾಣೆಬೆನ್ನೂರು/ಬೆಂಗಳೂರು

* * *

ತಂಗೀ, ಸೆಕ್ಯೂರಿಟಿಗೆ ಭದ್ರತೆ, ಸೇಫ್ಟಿಗೆ ಸುರಕ್ಷತೆ. ಇದು ಎಂದೋ ತೀರ್ಮಾನವಾದ ಮಾತು. ಜನ ತಪ್ಪು ತಿಳಿದರೆ ಜನಕ್ಕೆ ತಿಳಿಸಬೇಕು, ಪದ ಬದಲಿಸಬಾರದು. ವಲ್ನರಬಿಲಿಟಿಗೆ ‘ಭೇದ್ಯತೆ’. ‘ಅಭೇದ್ಯ ಕೋಟೆ’ ಅನ್ನುವುದು ಎಲ್ಲರಿಗೂ ಗೊತ್ತಿದೆ, ಅದರಿಂದಲೇ ಬಂತು. ಲಾಗ್‌ಗೆ ‘ದಿನಚರಿ’.

ಇನ್ನೊಂದು ಮಾತು. ಸಂಸ್ಕೃತದಲ್ಲಿ ‘ಭದ್ರ’ ಅಂದರೆ ಶುಭ, ಮಂಗಳ. ‘ಬಾಗಿಲು ಭದ್ರ ಮಾಡು’ ಅನ್ನುವ ಗಟ್ಟಿತನದ ಅರ್ಥವನ್ನು ಅದಕ್ಕೆ ತುಂಬಿದ್ದು ಕನ್ನಡದ ಮನೆಗಳು. ಆದ್ದರಿಂದ ‘ಭದ್ರತೆ’ ಹೊರಗಿನ ಪದ ಅಂತ ಯಾರೂ ಇಲ್ಲಿ ತಗಾದೆ ತೆಗೆಯಬಾರದು.

— ನಿವೃತ್ತ ಮೇಷ್ಟ್ರು, ಧಾರವಾಡ

* * *

ತಗಾದೆ ತೆಗೆಯುತ್ತೇನೆ. ಅರ್ತ ಬದಲಾದರೂ ಎರವಲು ಎರವಲೇ. ಕನ್ನಡದ ಬಾಯಿಗೆ ಬಾರದ ಮಹಾಪ್ರಾಣವನ್ನು ಎಶ್ಟು ದಿನ ಹೊರುವುದು? ‘ಕಾ’ ಅನ್ನುವ ಬೇರು ನಮ್ಮದು. ಕಾಯು, ಕಾಪಾಡು, ಕಾವಲು, ಕಾಪು ಎಲ್ಲ ಅದರಿಂದಲೇ ಬಂದವು. ಬ್ಯಾನರಿಗೆ ‘ತಿಳಿಹಕಾಪು’ ಅಂತ ಹಾಕಿ, ತಿಳಿಹ ಅಂದರೆ ಮಾಹಿತಿ. ವಲ್ನರಬಿಲಿಟಿಗೆ ‘ಬಿರುಕು’. ಮುಗಿಯಿತು.

— ಎಲ್ಲರಕನ್ನಡದ (ಮಹಾಪ್ರಾಣ ಬಿಟ್ಟು ಬರೆಯುವ ಕನ್ನಡದ) ಒಲವಿನವನು, ತುಮಕೂರು

* * *

ನಾನು ಈ ಕ್ಷೇತ್ರದಲ್ಲೇ ಇರುವವನು. ಒಂದೂ ಬೇಡ. ಹುಡುಗರು ಇಂಟರ್‌ವ್ಯೂನಲ್ಲಿ ‘ಭೇದ್ಯತೆ’ ಅಂದರೆ ಎದುರಿಗೆ ಕೂತವರಿಗೆ ತಿಳಿಯುತ್ತದಾ? ‘ತಿಳಿಹಕಾಪು’ ಅಂತ ಹುಡುಕಿದರೆ ಒಂದು ಕೆಲಸದ ಜಾಹೀರಾತೂ ಸಿಗಲ್ಲ. ಫೈರ್‌ವಾಲ್ ಅನ್ನು ‘ಅಗ್ನಿಗೋಡೆ’ ಮಾಡಿದವರ ಕೆಲಸ ನೋಡಿದ್ದೇನೆ. ಫೈರ್‌ವಾಲ್ ಅಂದರೆ ಪಕ್ಕದ ಮನೆಯ ಬೆಂಕಿ ಈಚೆ ಬಾರದ ಹಾಗೆ ಕಟ್ಟುವ ಗೋಡೆ. ಬೆಂಕಿಯದೇ ಗೋಡೆ ಅಲ್ಲ.

ಆ ಒಂದು ದಿನದಲ್ಲಿ ಪದಕ್ಕಿಂತ ಮುಖ್ಯವಾದದ್ದು ಹೇಳಿ. ಮೊದಲ ಆರು ತಿಂಗಳು ಲಿನಕ್ಸ್ ಮತ್ತು ನೆಟ್‌ವರ್ಕಿಂಗ್. ಪೋರ್ಟ್ ಅಂದರೆ ಕಂಪ್ಯೂಟರಿನ ನಂಬರ್ ಹಾಕಿದ ಬಾಗಿಲು. ಪೋರ್ಟ್ 22ರಲ್ಲಿ ಏನಿರುತ್ತದೆ, 443ರಲ್ಲಿ ಏನಿರುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳಬೇಕು. ಓವರ್‌ದವೈರ್ ಅನ್ನುವ ವೆಬ್‌ಸೈಟಿನ ಬ್ಯಾಂಡಿಟ್ ಆಟ ಪುಕ್ಕಟೆ, ಅಲ್ಲಿಂದ ಶುರು ಮಾಡಲಿ. ವೆಬ್ ಕಡೆ ಒಲವಿದ್ದರೆ ಪೋರ್ಟ್‌ಸ್ವಿಗರ್ ಅಕಾಡೆಮಿಯೂ ಪುಕ್ಕಟೆ. ಮೊದಲೇ ಸರ್ಟಿಫಿಕೇಟಿಗೆ ಸಾಲ ಮಾಡಬೇಡಿ ಅಂತ ಅಪ್ಪ ಅಮ್ಮಂದಿರಿಗೆ ಹೇಳಿ. ಸಿಐಎಸ್‌ಎಸ್‌ಪಿ ಅನ್ನುವ ಸರ್ಟಿಫಿಕೇಟಿಗೆ ಐದು ವರ್ಷದ ಅನುಭವ ಕೇಳುತ್ತಾರೆ. ಅದನ್ನು ಬಿಸಿಎ ಹುಡುಗರಿಗೆ ಮಾರುವ ಕೋಚಿಂಗ್‌ಗಳಿವೆ. ಓಎಸ್‌ಸಿಪಿ ಪರೀಕ್ಷೆ ಹೆಚ್ಚುಕಮ್ಮಿ 24 ಗಂಟೆ, ಕೂತು ಮಷಿನ್‌ಗಳ ಒಳಗೆ ಹೋಗಿ ತೋರಿಸಬೇಕು. ಬಾಯಿಪಾಠ ಅಲ್ಲಿ ನಡೆಯಲ್ಲ.

— ಮಂಗಳೂರು

* * *

ಮಂಗಳೂರಿನವರ ಸಲಹೆ ಒಳ್ಳೆಯದೇ. ಆದರೆ ಅದು ಕೇಳಿದ್ದಕ್ಕೆ ಉತ್ತರ ಅಲ್ಲ. ಇಂಟರ್‌ವ್ಯೂ ಮಾಡುವವರು ಆ ಕರಪತ್ರ ಓದುವುದಿಲ್ಲ, ಆ ತಾಯಿ ಓದುತ್ತಾರೆ.

ಎಕ್ಸ್‌ಪ್ಲಾಯ್ಟ್‌ಗೆ ಪದ ನಮ್ಮಲ್ಲಿ ಆಗಲೇ ಇದೆ: ಕನ್ನ. ‘ಬ್ಯಾಂಕ್ ಖಾತೆಗೆ ಕನ್ನ’ ಅಂತ ಪೇಪರಿನಲ್ಲಿ ದಿನಾ ನೋಡುತ್ತೀವಿ. ಕನ್ನ ಅಂದರೆ ಗೋಡೆಯಲ್ಲಿ ಆಗಲೇ ಇರುವ ತೂತಲ್ಲ, ಕಳ್ಳ ಒಳಗೆ ಬರಲು ಕೊರೆಯುವ ತೂತು. ಮಣ್ಣು ಸಡಿಲ ಇರುವ ಕಡೆ ನೋಡಿ ಕೊರೆಯುತ್ತಿದ್ದರು. ಸಡಿಲ ಇರುವುದು ಬಿರುಕು, ಕೊರೆದದ್ದು ಕನ್ನ. ಕೊರೆಯುವ ಸಲಕರಣೆಗೆ ‘ಕನ್ನಗತ್ತರಿ’ ಅಂತ ಹೆಸರೂ ಇತ್ತು. ನೀವು ಕೇಳಿದ ಅಂತರ ಪೂರ್ತಿ ಇದರಲ್ಲೇ ಇದೆ. ಸುಳ್ಳು ಸಂದೇಶ ಕಳಿಸಿ ಪಾಸ್‌ವರ್ಡ್ ಕದಿಯುವ ಫಿಶಿಂಗ್‌ಗೂ ಹೊಸ ಪದ ಬೇಡ, ‘ಗಾಳ’ ಸಾಕು.

— ಅನುವಾದಕಿ, ಸಾಗರ

* * *

‘ಕನ್ನ’ ಸಂಸ್ಕೃತದ ಕರ್ಣದ ತದ್ಭವ. ಪ್ರಾಕೃತದ ಮೂಲಕ ಬಂದದ್ದು. ತುಮಕೂರಿನವರು ಅದನ್ನೂ ಬಿಡಬೇಕಾಗುತ್ತದೆ.

— ಧಾರವಾಡ

* * *

ಮೇಷ್ಟ್ರೇ, ಕಿವಿಗೂ ಕಳ್ಳನ ತೂತಿಗೂ ಏನು ಸಂಬಂಧ? ತೆಲುಗಿನಲ್ಲಿ ‘ಕನ್ನಂ’ ಅಂದರೆ ತೂತು. ತಮಿಳಿನಲ್ಲಿ ಕಳ್ಳರ ಸಲಕರಣೆಗೆ ‘ಕನ್ನಕ್ಕೋಲ್’. ಅಕ್ಕತಂಗಿ ನುಡಿಗಳಲ್ಲೆಲ್ಲ ಇರುವ ಪದವನ್ನು ಕರ್ಣನಿಗೆ ದಾನ ಮಾಡಬೇಡಿ.

— ತುಮಕೂರು

* * *

ನಾನು ಹೇಳಿದ್ದು ಕರ್ಣ ಅನ್ನುವ ಪದ, ಮಹಾಭಾರತದ ಕರ್ಣ ಅಲ್ಲ. ಬೇರಿನ ಚರ್ಚೆಗೆ ಇಷ್ಟು ಸಾಕು. ಎರವಲು ಬೇಡ ಅನ್ನುವವರು ಮೊದಲು ತಮ್ಮ ಮನೆಯ ‘ಚಾವಿ’ ಬಿಡಲಿ, ಅದು ಪೋರ್ಚುಗೀಸರದ್ದು. ‘ಅರ್ಜಿ’ ಬಿಡಲಿ, ‘ಜಮೀನು’ ಬಿಡಲಿ. ಆಮೇಲೆ ಭದ್ರತೆಗೆ ಬರೋಣ.

— ಧಾರವಾಡ

* * *

ನಮ್ಮಲ್ಲಿ ಚಾವಿ ಅನ್ನಲ್ಲ, ಬೀಗದ ಕೈ ಅನ್ನುತ್ತೀವಿ.

— ತುಮಕೂರು

* * *

ಎಲ್ಲರಿಗೂ ಥ್ಯಾಂಕ್ಸ್. ದಯವಿಟ್ಟು ಸ್ವಲ್ಪ ನಿಲ್ಲಿ, ಬೀಗದ ಮಾತು ಬಂದಿದ್ದು ನನಗೆ ಉಪಯೋಗಕ್ಕೆ ಬಂತು.

‘ಪಬ್ಲಿಕ್ ಕೀ’ಗೆ ಪುಸ್ತಕಗಳಲ್ಲಿ ‘ಸಾರ್ವಜನಿಕ ಕೀಲಿ’ ಅಂತ ಇರುತ್ತದೆ. ಮೈಸೂರು ಕಡೆಯ ಗೆಳತಿಗೆ ಅದು ಸರಿಯಾಗಿಯೇ ಕೇಳುತ್ತದೆ. ನಮ್ಮ ಕಡೆ ‘ಕೀಲಿ’ ಅಂದರೆ ಬೀಗ. ‘ಕೀಲಿ ಹಾಕು’ ಅನ್ನುತ್ತೀವಿ, ತೆಗೆಯುವುದು ‘ಕೀಲಿಕೈ’. ಸಂದೇಶವನ್ನು ಗುಟ್ಟಾಗಿ ಕಳಿಸುವಾಗ ಪಬ್ಲಿಕ್ ಕೀ ಮಾಡುವುದು ಮುಚ್ಚುವ ಕೆಲಸ, ಪ್ರೈವೇಟ್ ಕೀ ಮಾಡುವುದು ತೆಗೆಯುವ ಕೆಲಸ. ಅಂದರೆ ಊರಿಗೆಲ್ಲ ಕೀಲಿ ಹಂಚಿ, ಕೀಲಿಕೈಯನ್ನು ಮಾತ್ರ ಹತ್ತಿರ ಇಟ್ಟುಕೊಂಡ ಹಾಗೆ. ನನಗೆ ಕಾಲೇಜಿನಲ್ಲಿ ಇದು ಹೀಗೆ ಯಾರೂ ಹೇಳಿಕೊಡಲಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಕೀ’ ಇರುವುದರಿಂದ ಒಂದು ವರ್ಷ ಗೊಂದಲದಲ್ಲೇ ಇದ್ದೆ. ಹಾಗಾಗಿ ಮಂಗಳೂರಿನ ಸರ್ ಹೇಳಿದ ‘ಒಂದೂ ಬೇಡ’ ಅನ್ನುವುದನ್ನು ನಾನು ಒಪ್ಪಲ್ಲ. ಇಂಟರ್‌ವ್ಯೂಗೆ ಇಂಗ್ಲಿಷ್ ಪದ ಬೇಕೇ ಬೇಕು. ಅರ್ಥ ಆಗುವುದಕ್ಕೆ ಮನೆಯ ಪದ ಬೇಕು.

‘ಕನ್ನ’ ತಗೊಂಡೆ. ‘ಬಿರುಕು’ ತಗೊಂಡೆ. ಆದರೆ ಪೆನೆಟ್ರೇಶನ್ ಟೆಸ್ಟರ್‌ಗೆ ಕನ್ನ ಸೇರಿಸಬೇಡಿ. ಆ ಕೆಲಸದ ಜೀವ ಇರುವುದೇ ಒಪ್ಪಿಗೆಯಲ್ಲಿ. ಒಡೆಯರು ಬರೆದುಕೊಟ್ಟ ಒಪ್ಪಿಗೆ ಇದ್ದರೆ ಸಂಬಳ. ಇಲ್ಲದಿದ್ದರೆ ಐಟಿ ಕಾಯ್ದೆ 2000ರ 66ನೇ ಕಲಂ ಬೀಳಬಹುದು, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಮಾಡುವ ಕೈಚಳಕ ಎರಡರಲ್ಲೂ ಒಂದೇ. ಹತ್ತೊಂಬತ್ತರ ಹುಡುಗರು ಕಾಲೇಜಿನದೇ ವೆಬ್‌ಸೈಟ್ ಮೇಲೆ ಕೈ ಇಟ್ಟು ನೋಡುತ್ತಾರೆ, ಸುಮ್ನೆ ಕುತೂಹಲಕ್ಕೆ. ಆದ್ದರಿಂದ ಪದದಲ್ಲೇ ‘ಒಪ್ಪಿಗೆ’ ಕಾಣಬೇಕು ಅಂತ ನನ್ನ ಹಟ.

ಈಗ ಲಾಗ್. ‘ದಿನಚರಿ’ ಒಗ್ಗಲ್ಲ ಮೇಷ್ಟ್ರೇ, ಕ್ಷಮಿಸಿ. ದಿನಚರಿ ಅಂದರೆ ನಾನು ಏನು ಮಾಡಿದೆ ಅಂತ ನಾನೇ ಬರೆದುಕೊಳ್ಳುವುದು. ಲಾಗ್ ಅಂದರೆ ಯಾರು ಬಂದರು, ಎಷ್ಟು ಹೊತ್ತಿಗೆ, ಎಲ್ಲಿಂದ, ಒಳಗೆ ಬಿಟ್ಟೆವೋ ಇಲ್ಲವೋ ಅನ್ನುವ ಲೆಕ್ಕ. ನಾನು ರಾತ್ರಿ ಪಾಳಿಯಲ್ಲಿ ನೋಡುವುದು ಇದನ್ನೇ. ಮೊದಲ ವರ್ಷದ ಒಂದು ರಾತ್ರಿ 2 ಗಂಟೆ 40 ನಿಮಿಷಕ್ಕೆ ಪರದೆಯ ಮೇಲೆ ‘ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್’ ಅನ್ನುವ ಸಾಲು ಸುರಿಯಲು ಶುರುವಾಯಿತು. ಅಂದರೆ ಎಲ್ಲ ಅಧಿಕಾರ ಇರುವ ‘ರೂಟ್’ ಖಾತೆಗೆ ತಪ್ಪು ಪಾಸ್‌ವರ್ಡ್ ಹಾಕುತ್ತಿದ್ದಾರೆ. ಒಂದೇ ವಿಳಾಸದಿಂದ, ಸೆಕೆಂಡಿಗೆ ಮೂರು ನಾಲ್ಕು. ಇದು ದಿನಾ ಇರುವುದೇ, ಯಾವುದೋ ಯಂತ್ರ ಬಾಗಿಲು ತಟ್ಟುತ್ತಾ ಹೋಗುತ್ತಿರುತ್ತದೆ. ಹಾಗಂತ ಬಿಡುವವಳಿದ್ದೆ. ಅಷ್ಟರಲ್ಲಿ ನಡುವೆ ಒಂದೇ ಒಂದು ಸಾಲು ಬೇರೆ ಥರ ಕಂಡಿತು: ‘ಅಕ್ಸೆಪ್ಟೆಡ್’, ಒಳಗೆ ಬಿಟ್ಟಾಗಿದೆ ಅಂತ. ರೂಟ್ ಅಲ್ಲ, ಬೇರೆ ಒಂದು ಹಳೆಯ ಖಾತೆ, ಕೆಲಸ ಬಿಟ್ಟು ಹೋದವರದ್ದು. ಯಾರೂ ಅಳಿಸಿರಲಿಲ್ಲ. ಆ ಸಾಲು ಕಂಡಿದ್ದರಿಂದ ಅವತ್ತು ಉಳಿದೆವು.

ನಮ್ಮ ಅಪ್ಪ ಎಪಿಎಂಸಿ ಯಾರ್ಡಿನ ಒಂದು ಗೋದಾಮಿನಲ್ಲಿ ಕಾವಲಿದ್ದವರು. ಅವರ ಹತ್ತಿರ ಉದ್ದನೆಯ ಒಂದು ರಟ್ಟಿನ ಪುಸ್ತಕ ಇರುತ್ತಿತ್ತು, ಲಾರಿ ನಂಬರ್, ಬಂದ ಹೊತ್ತು, ಚೀಲದ ಲೆಕ್ಕ, ಹೋದ ಹೊತ್ತು. ಅದಕ್ಕೆ ‘ಆವಕ-ಜಾವಕ’ ಅನ್ನುತ್ತಿದ್ದರು. ಲಾಗ್‌ಗೆ ಇದನ್ನೇ ಇಡಬಹುದಾ?

— ಕೇಳಿದವಳು

* * *

ಇಡಬಹುದು. ನನ್ನ ‘ದಿನಚರಿ’ ವಾಪಸ್ ತಗೊಳ್ಳುತ್ತೇನೆ. ಆವಕ-ಜಾವಕ ನಮ್ಮ ಕಡೆಯ ಎಲ್ಲ ಕಚೇರಿಗಳಲ್ಲಿ ಇದ್ದ ಪದ, ಮಕ್ಕಳ ಅಪ್ಪಂದಿರಿಗೆ ತಿಳಿಸಿ ಹೇಳುವುದೇ ಬೇಡ.

— ಧಾರವಾಡ

* * *

ಅದು ಮರಾಟಿ. ‘ಬಂದುಹೋದ ಪಟ್ಟಿ’ ಅನ್ನಬಹುದು. ನಮ್ಮ ಕಡೆ ಆವಕ-ಜಾವಕ ಯಾರಿಗೂ ತಿಳಿಯಲ್ಲ.

— ತುಮಕೂರು

* * *

ಕರಪತ್ರ ತುಮಕೂರಿಗಲ್ಲ.

— ಸಾಗರ

* * *

ನಾನು ಸ್ವಲ್ಪ ಒರಟಾಗಿ ಬರೆದೆ. ಕೀಲಿ-ಕೀಲಿಕೈ ವಿವರಣೆ ಚೆನ್ನಾಗಿದೆ, ನಮ್ಮ ಟೀಮಿನ ಹೊಸಬರಿಗೆ ಹೇಳುತ್ತೇನೆ. ಲಾಗ್ ಬಗ್ಗೆ ಒಂದು ಸೇರಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಆ ಲಾಗ್‌ಗಳನ್ನು ಓದಿ, ಅರ್ಥ ಮಾಡಿಕೊಂಡು, ಸರಿಯಾಗಿ ಬರೆದು ತಿಳಿಸುವ ಜನ ಬೇಕು. ಕೋಡಿಂಗ್ ಅಷ್ಟಾಗಿ ಬಾರದ ಮಕ್ಕಳಿಗೂ ಇಲ್ಲಿ ಜಾಗ ಇದೆ ಅಂತ ಹೇಳಿ.

ಬ್ಯಾನರಿಗೆ ಮಾತ್ರ ‘ಕಾವಲು’ ಹಾಕಬೇಡಿ. ಮತ್ತೆ ವಾಚ್‌ಮನ್ ಅಂತಲೇ ಆಗುತ್ತದೆ.

— ಮಂಗಳೂರು

* * *

ಸರ್, ಎರಡು ದಿನ ನಾನೂ ಅದನ್ನೇ ಯೋಚಿಸಿದೆ. ಮೊದಲ ಪತ್ರ ಬರೆಯುವಾಗ ‘ಕಾವಲು’ ಅನ್ನುವ ಪದ ನನ್ನ ತಲೆಯಲ್ಲಿತ್ತು, ಬೇಕಂತಲೇ ಬರೆಯಲಿಲ್ಲ. ಆದರೆ ನಾನು ಮಾಡುತ್ತಿರುವುದು ಅಪ್ಪ ಮಾಡಿದ ಕೆಲಸವನ್ನೇ. ಅವರು ರಾತ್ರಿ ಎರಡು ಸಲ ಎದ್ದು ಗೋದಾಮಿನ ಹಿಂದಿನ ಗೋಡೆಗೆ ಟಾರ್ಚ್ ಹಿಡಿದು ನೋಡಿ ಬರುತ್ತಿದ್ದರು. ಆ ತಾಯಿಗೆ ಇದು ಕಾವಲಿನ ಕೆಲಸ ಅಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಯಾವುದರ ಕಾವಲು ಅಂತ ಹೇಳಿದರೆ ಸಾಕು.

ಬ್ಯಾನರ್ ಹೀಗೆ ಮಾಡಿದ್ದೇನೆ:

ಕಂಪ್ಯೂಟರ್ ಕಾವಲು
ಮಾಹಿತಿ ಭದ್ರತೆ: ಕಲಿಯುವುದು ಹೇಗೆ, ಕೆಲಸ ಸಿಗುವುದು ಎಲ್ಲಿ

ಕರಪತ್ರದಲ್ಲಿ ಬಿರುಕು, ಕನ್ನ, ಆವಕ-ಜಾವಕ, ಗಾಳ, ಕೀಲಿ-ಕೀಲಿಕೈ ಬರುತ್ತವೆ. ಪ್ರತಿಯೊಂದರ ಪಕ್ಕ ಇಂಟರ್‌ವ್ಯೂನಲ್ಲಿ ಹೇಳಬೇಕಾದ ಇಂಗ್ಲಿಷ್ ಪದ ಕನ್ನಡ ಅಕ್ಷರದಲ್ಲೇ ಇದೆ. ಪೆನ್ ಟೆಸ್ಟರ್‌ಗೆ ಒಂದೇ ಪದ ಸಿಗಲಿಲ್ಲ, ‘ಒಪ್ಪಿಗೆ ಪಡೆದು ಬಿರುಕು ಹುಡುಕುವವರು’ ಅಂತ ಬಿಡಿಸಿಯೇ ಬರೆದೆ. ಮೋಸ ಹೋದರೆ 1930ಕ್ಕೆ ಫೋನ್ ಮಾಡಿ ಅನ್ನುವ ಸಾಲು ಕೊನೆಯಲ್ಲಿ ದಪ್ಪಕ್ಷರದಲ್ಲಿದೆ.

ಪ್ಯಾಚ್‌ಗೆ, ಅಂದರೆ ಬಿರುಕು ಮುಚ್ಚುವ ತಿದ್ದುಪಡಿಗೆ, ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ‘ತೇಪೆ’ ಹಾಕೋಣ ಅಂದರೆ ಅದು ತಾತ್ಕಾಲಿಕ ಅನ್ನುವ ಭಾವನೆ ಬರುತ್ತದೆ, ಅಲ್ವಾ? ನಾಳೆ ಬೆಳಗ್ಗೆ ಹತ್ತರೊಳಗೆ ಹೇಳಿ.

— ಕೇಳಿದವಳು

* * *

ಬಿರುಕು ಅಂದ ಮೇಲೆ ತೇಪೆ ಯಾಕೆ? ಗಿಲಾವು.

— ಧಾರವಾಡ

* * *

ಅದೂ ಎರವಲು. ‘ಮೆತ್ತಿಗೆ’ ಅನ್ನಿ.

— ತುಮಕೂರು

* * *

ಗಿಲಾವು ಹಾಕಿದೆ. ಪ್ರಿಂಟಿಗೆ ಹೋಯಿತು.

— ಕೇಳಿದವಳು