ಹೈಸ್ಕೂಲಿನ ಗಾಯನ ತಂಡಕ್ಕೆ ಏನು ಕಲಿಸಬೇಕು? ಅನುಭವ ಇದ್ದವರು ಹೇಳಿ

ಕುಂಬಳೆ ಕಡೆಯ ಕನ್ನಡ ಮೀಡಿಯಂ ಶಾಲೆಯಲ್ಲಿ ಭಾಷಾ ಟೀಚರ್ ನಾನು. ಎಂಟರಿಂದ ಹತ್ತರವರೆಗಿನ ಮಕ್ಕಳ ಗಾಯನ ತಂಡ ಈ ಸಲ ನನ್ನ ತಲೆಗೆ ಬಂದಿದೆ. ಹಾಡುತ್ತೇನೆ, ಆದರೆ ಸಂಗೀತ ಕಲಿತವಳಲ್ಲ. ಕಲೋತ್ಸವಕ್ಕೆ (ಕೇರಳದ ಶಾಲಾ ಕಲಾ ಸ್ಪರ್ಧೆ) ಎರಡು ಹಾಡು ಗಟ್ಟಿ ಮಾಡಿಸಿದರೆ ಸಾಕು ಅಂತ ಸ್ಟಾಫ್ ರೂಮಿನ ಅಭಿಪ್ರಾಯ. ನನಗೆ ಸಮಾಧಾನವಿಲ್ಲ.

ಸಂಗೀತ ಟೀಚರ್, ಬದಿಯಡ್ಕ:
ಸ್ಟಾಫ್ ರೂಮಿನ ಮಾತು ಬಿಡಿ ಟೀಚರೇ. ಕಲೋತ್ಸವದ ಸಂಘಗಾನಕ್ಕೆ ವೇದಿಕೆ ಹತ್ತುವುದು ಏಳೇ ಮಂದಿ. ಉಳಿದ ಮಕ್ಕಳೇನು ಚಪ್ಪಾಳೆ ತಟ್ಟಲಿಕ್ಕಾ? ಎಷ್ಟು ಹಾಡು ಬಂತು ಅಂತಲ್ಲ, ಪಕ್ಕದವರ ದನಿ ಕೇಳಿಕೊಂಡು ಹಾಡಲು ಬಂತಾ ಅಂತ ನೋಡಿ.

ಮೊದಲ ಟರ್ಮ್ ಪೂರ್ತಿ ನನ್ನದು ಶ್ರುತಿಯ ಕೆಲಸ, ಅಂದರೆ ಆಧಾರ ಸ್ವರಕ್ಕೆ ದನಿ ಕೂಡಿಸುವುದು. ಫೋನಿನಲ್ಲಿ ತಂಬೂರಿ ಹಾಕಿ ಷಡ್ಜವನ್ನು (‘ಸ’ ಸ್ವರ) ‘ಆ’ ಅಂತ ಹಿಡಿಸುತ್ತೇನೆ, ಪಕ್ಕದವಳ ದನಿ ಕೇಳುವಷ್ಟು ಮೆತ್ತಗೆ. ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡು ತುಂಡಾಗುತ್ತದೆ. ಜೋಡಿ ಮಾಡಿ, ಒಬ್ಬರು ಎಳೆಯುವಾಗ ಇನ್ನೊಬ್ಬರು ದನಿ ಹಿಡಿದಿರಲಿ.

ಆಮೇಲೆ ಸರಳೆ ವರಸೆ, ಅಂದರೆ ಸರಿಗಮದ ಮೊದಲ ಪಾಠ. ಮಾಯಾಮಾಳವಗೌಳ ರಾಗದ ಮೊದಲ ಸಾಲೇ ಸಾಕು. ಒಂದು ಗುಂಪು ಗಾಂಧಾರಕ್ಕೆ (ಗ) ಬಂದಾಗ ಇನ್ನೊಂದು ಗುಂಪು ಷಡ್ಜದಿಂದ ಹೊರಡಲಿ, ತಾರಷಡ್ಜ (ಮೇಲಿನ ಸ) ಮುಟ್ಟಿದವರು ಅಲ್ಲೇ ನಿಂತು ಕಾಯಲಿ. ಬೇರೆ ಬೇರೆ ಸ್ವರ ಹಾಡಿದರೂ ಇಂಪಾಗಿ ಕೂಡುತ್ತದೆ ಅಂತ ಮಕ್ಕಳ ಕಿವಿಗೆ ಬೀಳುವುದು ಆಗಲೇ. ತಮ್ಮ ದಾರಿ ತಪ್ಪದಿರಲಿ ಅಂತ ಕೆಲವರು ಕಿವಿ ಮುಚ್ಚಿಕೊಂಡು ಹಾಡುತ್ತಾರೆ. ಕೈ ತೆಗೆಸಿ.

ಇಗರ್ಜಿಯಲ್ಲಿ ಹಾಡುವವ, ಮಂಜೇಶ್ವರ:
ಹುಡುಗರ ದನಿ ಒಡೆಯುವ ವಯಸ್ಸು ಇದು, ಅದನ್ನು ಯಾರೂ ಹೇಳಲಿಲ್ಲ. ಎಂಟರಲ್ಲಿ ಹಕ್ಕಿಯ ಹಾಗೆ ಹಾಡಿದವ ಒಂಬತ್ತರಲ್ಲಿ ಕರಕರ ಅಂತಾನೆ, ಮಕ್ಕಳು ನಗುತ್ತಾರೆ, ಅವನು ಆಮೇಲೆ ಬರುವುದೇ ಇಲ್ಲ. ಇದು ಗಂಟಲಿನ ಪೆಟ್ಟಿಗೆ ಬೆಳೆಯುವುದರಿಂದ ಆಗುವುದು, ತಪ್ಪಲ್ಲ ಅಂತ ತಂಡಕ್ಕೇ ಮೊದಲು ಹೇಳಿ. ಹುಡುಗಿಯರ ಅನುಕೂಲಕ್ಕೆ ಹಾರ್ಮೋನಿಯಂನ ಬಿಳಿ ಐದೋ ಆರೋ, ಅಂದರೆ ಎತ್ತರದ ಶ್ರುತಿ ಇಟ್ಟರೆ ಅಂಥ ಹುಡುಗರು ಅದೇ ಸ್ವರಗಳನ್ನು ಒಂದು ಸ್ಥಾಯಿ (ಆಕ್ಟೇವ್) ಕೆಳಗೆ ಹಾಡಲಿ. ಮೇಲಕ್ಕೆ ಎಳೆಯಲು ಒತ್ತಾಯ ಬೇಡ ಮಾರಾಯ್ರೆ.

ನಿವೃತ್ತ ಮಾಸ್ತರ್, ಕಾಸರಗೋಡು:
ಸ್ವರ ಎಲ್ಲ ಸರಿ, ಸಾಹಿತ್ಯದ ಗತಿ? ನಮ್ಮ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಹವ್ಯಕ, ಮರಾಠಿ. ಒಬ್ಬ ‘ಭಾರತ’ ಅಂದರೆ ಇನ್ನೊಬ್ಬ ‘ಬಾರತ’ ಅಂತಾನೆ; ಒಬ್ಬನೇ ಹಾಡಿದರೆ ಗೊತ್ತಾಗದು, ತಂಡದಲ್ಲಿ ಎದ್ದು ಕಾಣುತ್ತದೆ. ರಾಗ ಬಿಟ್ಟು ತಾಳ ಹಾಕಿಕೊಂಡು ಪದ್ಯ ಓದಿಸಿ, ಅರ್ಥವನ್ನೂ ಹೇಳಿ. ಹಾಡಿಗೆ ಹೊರಗೆ ಹುಡುಕಬೇಕಾಗಿಲ್ಲ, ನಮ್ಮ ಕಡೆಯ ಕವಿಗಳ ಪದ್ಯಗಳಿವೆ. ಗೋವಿಂದ ಪೈ ಮಂಜೇಶ್ವರದವರು, ಕಯ್ಯಾರ ಕಿಞ್ಞಣ್ಣ ರೈ ಪೆರಡಾಲದಲ್ಲಿ ಪಾಠ ಹೇಳಿದವರು. ಯೂಟ್ಯೂಬಿನ ಕರೋಕೆಗೆ ಬಾಯಿ ಆಡಿಸುವುದನ್ನು ಮಾತ್ರ ದಯವಿಟ್ಟು ಕಲಿಸಬೇಡಿ.

ಬದಿಯಡ್ಕದ ಟೀಚರ್ ಮತ್ತೆ:
ಮಾಸ್ತರರ ಮಾತಿಗೆ ಕೈ ಎತ್ತಿದೆ. ವಾರದ ಪಿರಿಯಡ್ ಸಾಲದಿದ್ದರೆ ಅಸೆಂಬ್ಲಿ ಇದೆಯಲ್ಲ. ಜನಗಣಮನಕ್ಕೆ ಸುಮಾರು 52 ಸೆಕೆಂಡು. ನಮ್ಮಲ್ಲಿ ಸಾಮಾನ್ಯವಾಗಿ ಬಸ್ಸು ತಪ್ಪುವವರ ಹಾಗೆ ಮುಗಿಸುತ್ತಾರೆ, ಇಲ್ಲವೇ ಎಳೆಯುತ್ತಾರೆ. ತಂಡದ ಇಬ್ಬರು ಮುಂದೆ ನಿಂತು ಶ್ರುತಿ ಕೊಡಲಿ, ಒಬ್ಬಳು ವಾಚು ನೋಡಲಿ. ಪಾಳಿಯ ಮೇಲೆ ಎಲ್ಲರಿಗೂ ಆ ಕೆಲಸ ಬರಲಿ, ಚೆನ್ನಾಗಿ ಹಾಡುವ ಇಬ್ಬರಿಗೇ ಅಲ್ಲ.